ಹಳೆಯ ಇಂಧನ ಟ್ಯಾಂಕಿನ ಉಕ್ಕಿನಿಂದ ಮನೆಯಲ್ಲೇ ಜಲಾಂತರ್ಗಾಮಿ ಕಟ್ಟಬಹುದೇ?

ಮುಳುಗಿ ಏಳುವ ಡಬ್ಬಿಯೊಂದನ್ನು ಕಟ್ಟಬಹುದು. ಅದರೊಳಗೆ ಮನುಷ್ಯ ಕೂರುವುದು ಬೇರೆಯೇ ಮಾತು.

ಟ್ಯಾಂಕು ಒಳಗಿನ ದ್ರವವನ್ನು ಹಿಡಿದಿಡಲು ಮಾಡಿದ್ದು. ಒಳಗಿನಿಂದ ಒತ್ತಿದರೆ ಸಿಲಿಂಡರು ಇನ್ನಷ್ಟು ದುಂಡಗಾಗುತ್ತದೆ. ಹೊರಗಿನಿಂದ ಒತ್ತಿದರೆ ಎಲ್ಲಿ ಚೂರು ತಗ್ಗಿದೆಯೋ ಅಲ್ಲೇ ನೆಗ್ಗಿ ಕ್ಷಣದಲ್ಲಿ ಅಪ್ಪಚ್ಚಿಯಾಗುತ್ತದೆ. ನೀರಿನಲ್ಲಿ 10 ಮೀಟರ್ ಇಳಿದರೆ ಪ್ರತಿ ಚದರ ಮೀಟರಿನ ಮೇಲೆ ಸುಮಾರು 10 ಟನ್ ಭಾರ ಬೀಳುತ್ತದೆ. 1 ಮೀಟರ್ ವ್ಯಾಸದ, 5 ಮಿ.ಮೀ. ದಪ್ಪದ ಉದ್ದನೆಯ ಸಿಲಿಂಡರಿಗೆ ಒಳಗೆ ಯಾವ ಆಧಾರವೂ ಇಲ್ಲದಿದ್ದರೆ, ಲೆಕ್ಕದ ಪ್ರಕಾರ ಅದು ಐದೂವರೆ ಮೀಟರ್ ಆಳದಲ್ಲೇ ಕುಸಿಯುತ್ತದೆ. ಈ ತಾಳಿಕೆ ದಪ್ಪದ ಘನವನ್ನು (ದಪ್ಪ × ದಪ್ಪ × ದಪ್ಪ) ಅನುಸರಿಸುವುದರಿಂದ, ತುಕ್ಕು 1 ಮಿ.ಮೀ. ತಿಂದರೂ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ! ಅದಕ್ಕೇ ಒಳಗೆ ಹತ್ತಿರ ಹತ್ತಿರ ಉಕ್ಕಿನ ಬಳೆಗಳನ್ನು ಬೆಸೆಯುವುದು, ಚಪ್ಪಟೆ ಮುಚ್ಚಳದ ಬದಲು ಗುಮ್ಮಟದಂಥ ತುದಿಗಳನ್ನು ಇಡುವುದು. ದಪ್ಪವನ್ನು ಅಲ್ಟ್ರಾಸಾನಿಕ್ ಮಾಪಕದಿಂದಲೇ ಅಳೆಯಬೇಕು. ಬಣ್ಣದಡಿಯ ಗುಳಿಗಳು ಕಣ್ಣಿಗೆ ಬೀಳುವುದಿಲ್ಲ.

ನನ್ನನ್ನು ಕೇಳಿದರೆ, ಇಲ್ಲಿ ನೀರಿಗಿಂತ ಮೊದಲು ಹೆದರಬೇಕಾದದ್ದು ಬೆಂಕಿಗೆ. ಖಾಲಿ ಟ್ಯಾಂಕಿನಲ್ಲಿ ಇಂಧನದ ಆವಿ ಗಾಳಿಯೊಂದಿಗೆ ಬೆರೆತಿರುತ್ತದೆ. ಕತ್ತರಿಸುವಾಗ ಒಂದು ಕಿಡಿ ಸಾಕು. ಒಮ್ಮೆ ತೊಳೆದರೆ ಸಾಲದು, ಸಂದಿಗಳಲ್ಲಿ, ತುಕ್ಕಿನ ಪದರಗಳಲ್ಲಿ ಅಡಗಿದ ಎಣ್ಣೆ ಕಾವಿಗೆ ಮತ್ತೆ ಆವಿಯಾಗುತ್ತದೆ. ಈ ಕೆಲಸವನ್ನು ಅನಿಲ ಪರೀಕ್ಷೆ ಮಾಡಬಲ್ಲ ನುರಿತವರಿಗೇ ಬಿಡಿ.

ಇನ್ನು ತೂಕ. ಹಲವರು ಮರೆಯುವುದು ಇದನ್ನೇ: 1 ಘನ ಮೀಟರ್ ಗಾತ್ರ ಮುಳುಗಬೇಕಾದರೆ ಒಟ್ಟು 1 ಟನ್ ತೂಗಬೇಕು. ಉಕ್ಕು ಸಾಲದಿದ್ದರೆ ಸೀಸ ತುಂಬಬೇಕಾಗುತ್ತದೆ.

ಮೊದಲ ಮುಳುಗು ಒಳಗೆ ಯಾರೂ ಇಲ್ಲದೆ, ಹಗ್ಗ ಕಟ್ಟಿ, ನೀವು ಇಳಿಯಬಯಸುವ ಆಳಕ್ಕಿಂತ ಬಹಳ ಕೆಳಗೆ ಆಗಲಿ.