ಸ್ಮೈಲ್ ಲೈನ್ ನಗಬೇಕಲ್ಲ!

ಪ್ರಶ್ನೆ: ಅಕ್ಕಾ, ಒಂದು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲೇ ಸಣ್ಣ ಪಾರ್ಲರ್ ನಡೆಸ್ತಿದ್ದೀನಿ. ಮೂರು ದಿನದ ನೇಲ್ ಎಕ್ಸ್‌ಟೆನ್ಷನ್ ಕೋರ್ಸ್ ಮಾಡಿದೀನಿ. ಒಂದೇ ಬಣ್ಣದ ಅಕ್ರಿಲಿಕ್ ಉಗುರು ಹೇಗೋ ಆಗುತ್ತೆ. ಆದರೆ ಮದುವೆ ಹುಡುಗಿಯರು ಕೇಳೋದೇ ಪಿಂಕ್ ಅಂಡ್ ವೈಟ್, ಉಗುರಿನ ಬುಡ ಪಿಂಕ್, ತುದಿ ಬಿಳಿ. ಬಿಳಿ ಗೆರೆ ಒಂದು ಬೆರಳಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ. ಪಿಂಕ್ ಹಾಕಿದ ಮೇಲಂತೂ ಗೆರೆಯೇ ಮಸುಕು. ನನ್ನ ಕೈ ನಡುಗುತ್ತೆ ಅನಿಸುತ್ತೆ. ತಂಗಿ ಅಂದುಕೊಂಡು ಹೇಳಿ, ಇದು ನನ್ನ ಕೈಗೆ ಹತ್ತೋ ಕೆಲಸವಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಕೈ ನಡುಗೋದಕ್ಕೂ ಇದಕ್ಕೂ ಸಂಬಂಧ ಇಲ್ಲ ತಂಗಿ. ನನ್ನ ಕೈ ಈಗಲೂ ನಡುಗುತ್ತೆ, ಎರಡನೇ ಲೋಟ ಕಾಫಿ ಆದಮೇಲೆ ಕೇಳೋದೇ ಬೇಡ. ನೀನು ಕಳಿಸಿದ ನಾಲ್ಕು ಫೋಟೊ ನೋಡಿದೆ. ಉಂಗುರ ಬೆರಳಿನ ಬಿಳಿ ಎರಡೂ ಮೂಲೆಯಲ್ಲಿ ಚರ್ಮದ ಕಡೆ ಹರಿದು ನಿಂತಿದೆ. ಅದು ನಿನ್ನ ಕೈಯ ತಪ್ಪಲ್ಲ, ಬೀಡ್‌ನದು. ಬೀಡ್ ಅಂದರೆ ಲಿಕ್ವಿಡ್‌ನಲ್ಲಿ ಅದ್ದಿದ ಬ್ರಷ್ಷಿಗೆ ಪೌಡರ್ ಹತ್ತಿ ಆಗೋ ಗುಂಡು, ಅದು ನೀರಾಗಿದೆ.

ನಾನು ಮೈಸೂರಿನಲ್ಲಿ ಮೊಟ್ಟಮೊದಲು ಪಿಂಕ್ ಅಂಡ್ ವೈಟ್ ಮಾಡಿದ್ದು ನಮ್ಮ ಅತ್ತಿಗೆಗೆ. ಎಡಗೈ ಒಂದಕ್ಕೇ ಎರಡು ಗಂಟೆ ಹಿಡಿಯಿತು. ಬಲಗೈ ಬೇಡಮ್ಮ, ಅಡುಗೆ ಮಾಡಬೇಕು ಅಂತ ಎದ್ದುಹೋದರು. ಮಾರನೇ ದಿನ ನಾಮಕರಣಕ್ಕೆ ಆ ಎಡಗೈಯನ್ನು ಸೆರಗಿನೊಳಗೇ ಇಟ್ಟುಕೊಂಡು ಓಡಾಡಿದರು. ಆ ಐದು ಉಗುರಿನಲ್ಲೂ ಬಿಳಿ ನಿನ್ನದರ ಹಾಗೇ ಮೂಲೆಗೆ ಹರಿದಿತ್ತು.

ಬಿಳಿ ಪೌಡರಿನ ಹದ ಬೇರೆ, ಪಿಂಕಿನ ಹದ ಬೇರೆ. ಮೂರು ದಿನದ ಕೋರ್ಸಿನಲ್ಲಿ ಇದನ್ನು ಒಂದು ಮಾತಲ್ಲಿ ಹೇಳಿ ಮುಂದೆ ಹೋಗಿರ್ತಾರೆ. ಪಿಂಕಿಗೆ ಪೌಡರಿನ ಒಂದೂವರೆ ಪಾಲು ಲಿಕ್ವಿಡ್ ಇದ್ದರೆ ಸರಿ. ಬಿಳಿಗೆ ಅದಕ್ಕಿಂತ ಒಣಗಿರಬೇಕು. ಬ್ರಷ್ ಅದ್ದಿ, ಬಟ್ಟಲಿನ ಅಂಚಿಗೆ ಎರಡೂ ಬದಿ ಒತ್ತಿ ಹಿಂಡು. ಬಿಳಿಗಾದರೆ ಇನ್ನೊಂದು ಸಲ ಹಿಂಡು. ಬ್ರಷ್ಷಿನ ತುದಿಯನ್ನು ಮಾತ್ರ ಪೌಡರಿಗೆ ತಾಗಿಸಿ ಒಂದು ಚಿಕ್ಕ ಗೆರೆ ಎಳೆ. ಎತ್ತಿದಾಗ ಬೀಡ್ ಮೊದಲು ಮಂಕಾಗಿ, ಪುಡಿಪುಡಿಯಾಗಿ ಕಾಣುತ್ತೆ. ಗಾಬರಿಯಾಗಿ ಮತ್ತೆ ಲಿಕ್ವಿಡ್‌ಗೆ ಅದ್ದಬೇಡ, ನೀನು ತಪ್ಪುತ್ತಿರೋದು ಬಹುಶಃ ಇಲ್ಲೇ. ಮೂರ್ನಾಲ್ಕು ಸೆಕೆಂಡ್ ಸುಮ್ಮನಿರು. ತಾನಾಗೇ ಹೊಳಪು ಬಂದು ಗುಂಡಗಾಗುತ್ತೆ. ಉಗುರಿನ ಮೇಲೆ ಇಟ್ಟಾಗ ಇಟ್ಟಲ್ಲೇ ಕೂತು, ನಿಧಾನಕ್ಕೆ ಇಳಿಯಬೇಕು. ಇಟ್ಟ ಕೂಡಲೇ ಹರಡಿದರೆ ಒದ್ದೆ, ಒತ್ತುವಾಗ ಬಿರುಕು ಬಿಟ್ಟರೆ ಒಣ.

ಇನ್ನು ಬ್ರಷ್ ಹಿಡಿಯೋದು. ನೇಲ್ ಪಾಲಿಶ್ ಹಚ್ಚಿ ಹಚ್ಚಿ ನಮ್ಮ ಕೈಗೆಲ್ಲ ಅದೇ ರೂಢಿ, ಬ್ರಷ್ ಕಂಡ ಕೂಡಲೇ ಬಳಿಯೋಕೆ ಹೋಗುತ್ತೆ. ಇಲ್ಲಿ ಬಳಿಯೋದಲ್ಲ, ತಟ್ಟೋದು. ನಿಮ್ಮ ಕಡೆಯವರಿಗೆ ಜೋಳದ ರೊಟ್ಟಿ ತಟ್ಟೋದನ್ನ ನಾನು ಹೇಳಿಕೊಡಬೇಕಾ? ಹಿಟ್ಟನ್ನು ಯಾರೂ ಎಳೆಯೋದಿಲ್ಲ, ತಟ್ಟಿ ತಟ್ಟಿ ಅಂಚಿಗೆ ಕಳಿಸ್ತಾರೆ. ಬಿಳಿ ಬೀಡನ್ನು ಉಗುರಿನ ತುದಿಭಾಗದ ಮಧ್ಯಕ್ಕೆ, ಸ್ಮೈಲ್ ಲೈನ್ (ಬಿಳಿ, ಪಿಂಕ್ ಸೇರೋ ಬಾಗಿದ ಗೆರೆ) ಬರಬೇಕಾದ ಜಾಗಕ್ಕಿಂತ ಕೂದಲೆಳೆ ಕೆಳಗೆ ಇಡು. ಬ್ರಷ್ಷಿನ ಹೊಟ್ಟೆಯಿಂದ ತಟ್ಟಿ ಎಡಮೂಲೆಗೆ ಕಳಿಸು, ಆಮೇಲೆ ಬಲಮೂಲೆಗೆ. ನಂತರ ಬ್ರಷ್ಷನ್ನು ಟಿಶ್ಯೂಗೆ ಒರೆಸಿ, ತುದಿ ಚೂಪಾಗಿಸಿ, ಮೂಲೆಯಿಂದ ಮಧ್ಯಕ್ಕೆ ಗೆರೆಯನ್ನು ಒರೆಸಿಕೊಂಡು ಬಾ. ಗೆರೆಯನ್ನು ಯಾರೂ ಬರೆಯೋದಿಲ್ಲ, ಹೆಚ್ಚಾದ ಬಿಳಿಯನ್ನು ಒರೆಸಿ ತೆಗೆದಾಗ ಉಳಿಯೋದೇ ಗೆರೆ.

ಪಿಂಕ್ ಹಾಕಿದ ಮೇಲೆ ಮಸುಕಾಗುತ್ತೆ ಅಂದೆಯಲ್ಲ, ಅದಕ್ಕೆ ಕಾರಣ ಬಿಳಿಯ ಅಂಚು ಇಳಿಜಾರಾಗಿರೋದು. ಗದ್ದೆಯ ಬದು ನೋಡಿದ್ದೀಯಲ್ಲ? ಬದು ನೆಟ್ಟಗಿದ್ದರೆ ನೀರು ಎಲ್ಲಿ ನಿಂತಿದೆ ಅಂತ ದೂರದಿಂದಲೇ ಕಾಣುತ್ತೆ. ಬಿಳಿಯ ಅಂಚೂ ಹಾಗೆ ಕಡಿದಂತೆ ನಿಲ್ಲಬೇಕು, ಪಿಂಕ್ ಅದಕ್ಕೆ ಆತು ಕೂರಬೇಕು. ಬಿಳಿ ತೆಳ್ಳಗೆ ಜಾರಿಕೊಂಡು ಹೋಗಿದ್ದರೆ ಅದರ ಮೇಲೆ ಪಿಂಕ್ ಬಂದು ಗೆರೆ ಹೊಗೆಯಾಗುತ್ತೆ, ಫೈಲಿನಿಂದ ಉಜ್ಜಿದಾಗ ಆ ತೆಳು ಬಿಳಿಯೂ ಹೋಗಿಬಿಡುತ್ತೆ. ಇನ್ನೊಂದು ಕಾರಣ, ಅವಸರ. ಬಿಳಿ ಗಟ್ಟಿಯಾಗೋ ಮುಂಚೆ ಒದ್ದೆ ಪಿಂಕ್ ತಾಗಿದರೆ ಬಿಳಿ ಕರಗಿ ಅದರೊಳಕ್ಕೆ ಹೋಗುತ್ತೆ. ಬ್ರಷ್ಷಿನ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡು, ಟಕ್ ಅಂತ ಶಬ್ದ ಬಂದಮೇಲೆ ಪಿಂಕ್.

ಮೇಲೆ ಕೆಳಗೆ ಆಗೋದಕ್ಕೆ ಒಂದು ಉಪಾಯ ಇದೆ. ಮೊದಲು ಮಧ್ಯದ ಬೆರಳು ಮಾಡು, ಉಳಿದ ನಾಲ್ಕಕ್ಕೂ ಅದೇ ಅಳತೆ. ಪ್ರತಿ ಬೆರಳಾದ ಮೇಲೆ ಗಿರಾಕಿಯ ಕೈ ತಿರುಗಿಸಿ, ಅವಳು ನೋಡುವ ದಿಕ್ಕಿನಿಂದ ನೋಡು. ನಮ್ಮ ಕಡೆಯಿಂದ ಸಮ ಕಂಡದ್ದು ಆ ಕಡೆಯಿಂದ ಸೊಟ್ಟ ಕಾಣುತ್ತೆ, ನನಗೆ ಇವತ್ತಿಗೂ. ಕೆಲವರಿಗೆ ಉಗುರಿನ ಸಹಜ ಗೆರೆ ಮೇಲಿರುತ್ತೆ, ಬಿಳಿ ಅದಕ್ಕಿಂತ ಕೆಳಗೆ ನಿಂತರೆ ಪಿಂಕಿನ ಅಡಿಯಿಂದ ಇನ್ನೊಂದು ಗೆರೆ ಇಣುಕುತ್ತೆ. ಅಂಥವರಿಗೆ ಕವರ್ ಪಿಂಕ್ ಬಳಸು, ಅದು ದಟ್ಟ, ಒಳಗಿನದು ಕಾಣಿಸೋದಿಲ್ಲ. ಕವರ್ ಪಿಂಕನ್ನೇ ಮೊದಲು ಹಾಕಿ, ಫೈಲಿನಿಂದ ಸ್ಮೈಲ್ ಕೊರೆದು, ಆಮೇಲೆ ಬಿಳಿ ತುಂಬಿಸುವ ಕ್ರಮವೂ ಇದೆ. ಹೊಸಬರಿಗೆ ಅದೇ ಸುಲಭ, ತಪ್ಪಾದರೆ ಫೈಲಲ್ಲಿ ತಿದ್ದಬಹುದು. ಅದನ್ನು ಕೀಳು ಅಂತ ಹೇಳೋರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ.

ಒಂದು ವಾರ ಪಿಂಕ್ ಡಬ್ಬಿ ಮುಚ್ಚಿಡು. ಅಗರಬತ್ತಿ ಕಡ್ಡಿಗೆ ಟಿಪ್ (ಪ್ಲಾಸ್ಟಿಕ್ ಉಗುರು) ಅಂಟಿಸಿಕೊಂಡು ದಿನಕ್ಕೆ ಹತ್ತು ಬಿಳಿ ಮಾಡು. ಗಡಿಯಾರ ನೋಡಬೇಡ. ಪಿಂಕಿಗೆ ಬಂದಾಗ ಒಂದೇ ಎಚ್ಚರ: ಚರ್ಮಕ್ಕೂ ಪೌಡರಿಗೂ ನಡುವೆ ಕೂದಲೆಳೆ ಜಾಗ ಬಿಡು. ಚರ್ಮಕ್ಕೆ ತಾಗಿದರೆ ಅಲ್ಲಿಂದಲೇ ಏಳೋಕೆ ಶುರು. ಅದಕ್ಕಿಂತ ಹೆಚ್ಚಾಗಿ, ಗಟ್ಟಿಯಾಗದ ಅಕ್ರಿಲಿಕ್ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಬರಬಹುದು. ಬಂದರೆ ಮತ್ತೆ ಹೋಗೋದಿಲ್ಲ, ಗಿರಾಕಿಗೂ ಅಷ್ಟೇ, ನಿನಗೂ ಅಷ್ಟೇ.

ಪ್ರಶ್ನೆ: ಮೇಡಂ, ಏಪ್ರಿಲ್ ಬಂತೆಂದರೆ ಬೀಡ್ ಬ್ರಷ್ಷಿನಲ್ಲೇ ಗಟ್ಟಿಯಾಗುತ್ತದೆ. ಫ್ಯಾನ್ ಇಲ್ಲದೆ ಕೂರಲಾಗದು. ಏನು ಮಾಡಲಿ?
– ಒಬ್ಬ ಓದುಗರು, ಕಲಬುರಗಿ

ಉತ್ತರ: ನಿಮ್ಮ ಊರಿನ ಬಿಸಿಲಿಗೆ ನನ್ನ ಹತ್ತಿರ ಮದ್ದಿಲ್ಲ! ಅಕ್ರಿಲಿಕ್ ಶಾಖಕ್ಕೆ ಬೇಗ ಗಟ್ಟಿಯಾಗುತ್ತದೆ, ಚಳಿಗೆ ತಡವಾಗಿ. 22ರಿಂದ 24 ಡಿಗ್ರಿಯಲ್ಲಿ ಕೆಲಸ ಹಿತ. ಏಸಿ ಇದ್ದರೆ ಒಳ್ಳೆಯದು, ಆದರೆ ಅದರ ಗಾಳಿಯಾಗಲಿ ಫ್ಯಾನಿನದಾಗಲಿ ನೇರ ಮೇಜಿಗೆ ಬೀಸಬಾರದು, ಲಿಕ್ವಿಡ್ ಆರಿ ಹದ ಕೆಡುತ್ತದೆ. ಬಟ್ಟಲಿಗೆ ಸ್ವಲ್ಪವೇ ಸುರಿದುಕೊಂಡು ಮುಚ್ಚಿಡಿ. ಬೇಸಿಗೆಯಲ್ಲಿ ಮದುಮಗಳ ಕೆಲಸವನ್ನು ಬೆಳಗ್ಗೆ ಎಂಟಕ್ಕೇ ಇಟ್ಟುಕೊಳ್ಳಿ. ಬ್ರಷ್ ತೊಳೆಯೋದು ಅದೇ ಲಿಕ್ವಿಡ್‌ನಲ್ಲಿ, ಅಸಿಟೋನ್‌ನಲ್ಲಿ ಅದ್ದಿದರೆ ಕೂದಲು ಒಣಗಿ ಪೊರಕೆಯಾಗುತ್ತದೆ.

ಪ್ರಶ್ನೆ: ಲೇಬಲ್ ಇಲ್ಲದ ಲಿಕ್ವಿಡ್ ಅರ್ಧ ಬೆಲೆಗೆ ಸಿಗುತ್ತಿದೆ. ಉಗುರು ಕಲ್ಲಿನಂತೆ ಗಟ್ಟಿ ನಿಲ್ಲುತ್ತದೆ. ಬಳಸಬಹುದೇ?
– ಹೊಸಪೇಟೆ ಓದುಗರು

ಉತ್ತರ: ಕಲ್ಲಿನಂತೆ ನಿಲ್ಲೋದೇ ಅದರ ಕೆಟ್ಟ ಗುಣ. ನಮ್ಮ ಗಿರಾಕಿಯೊಬ್ಬರ ಯಜಮಾನರು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡ್ತಾರೆ. ಹೆಂಡತಿಯನ್ನು ಕರೆದೊಯ್ಯಲು ಬಂದವರು ಬಾಗಿಲಲ್ಲೇ ನಿಂತು, "ಇದೇನ್ರೀ, ನಮ್ಮ ಲ್ಯಾಬ್ ವಾಸನೆ!" ಅಂದರು. ನಾನು ಅದೇ ತಾನೆ ಅಂಥದ್ದೇ ಒಂದು ಅಗ್ಗದ ಬಾಟಲಿ ತಂದಿದ್ದೆ. ಹಲ್ಲಿನ ಸೆಟ್ಟಿಗೆ ಬಳಸೋದು ಮೀಥೈಲ್ ಮೆಥಾಕ್ರಿಲೇಟ್. ಕೃತಕ ಉಗುರು ಹುಟ್ಟಿದ್ದೂ ಅಲ್ಲಿಂದಲೇ: 1950ರ ದಶಕದಲ್ಲಿ ಅಮೆರಿಕದ ದಂತವೈದ್ಯ ಫ್ರೆಡ್ ಸ್ಲ್ಯಾಕ್ ತಮ್ಮ ಮುರಿದ ಉಗುರಿಗೆ ಹಲ್ಲಿನ ಅಕ್ರಿಲಿಕ್ಕನ್ನೇ ಹಚ್ಚಿಕೊಂಡರಂತೆ. ಆದರೆ ಉಗುರಿಗೆ ಅದು ಸಲ್ಲದು ಅಂತ ದೂರುಗಳು ಬಂದು, 1970ರ ದಶಕದ ಆರಂಭದಲ್ಲಿ ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬರೀ ಮೀಥೈಲ್ ಮೆಥಾಕ್ರಿಲೇಟ್ ಇರುವ ಉಗುರಿನ ಸಾಮಾನಿನ ವಿರುದ್ಧ ಕೋರ್ಟಿಗೆ ಹೋಯಿತು.

ಈಗ ಒಳ್ಳೆಯ ಲಿಕ್ವಿಡ್ ಎಂದರೆ ಈಥೈಲ್ ಮೆಥಾಕ್ರಿಲೇಟ್. ಲೇಬಲ್ಲಿನಲ್ಲಿ ಆ ಹೆಸರು ನೋಡಿಯೇ ಕೊಳ್ಳಿ. ಗೊತ್ತಾಗದಿದ್ದರೆ ಒಂದು ಟಿಪ್ ಮೇಲೆ ಹಾಕಿ ನೋಡಿ, ಮೀಥೈಲ್‌ನ ಗುರುತು ಇವು: ಮೂಗಿಗೆ ಕುಟುಕುವ ವಾಸನೆ, ಫೈಲಿಗೆ ಬಗ್ಗದ ಗಡಸು, ಅಸಿಟೋನ್‌ನಲ್ಲಿ ಅರ್ಧ ಗಂಟೆ ನೆನೆದರೂ ಮೆತ್ತಗಾಗದ ಹಟ. ಎಲ್ಲಾದರೂ ಬಾಗಿಲಿಗೆ ಸಿಕ್ಕಿಕೊಂಡರೆ ಅಂಟಿಸಿದ್ದು ಮುರಿಯೋದಿಲ್ಲ, ದೇವರು ಕೊಟ್ಟ ಉಗುರೇ ಬುಡದಿಂದ ಕಿತ್ತು ಬರುತ್ತದೆ. ನನ್ನ ಬಾಟಲಿಯನ್ನು ಅವತ್ತೇ ಆ ಲ್ಯಾಬಿನವರಿಗೇ ಕೊಟ್ಟುಬಿಟ್ಟೆ.

ಪ್ರಶ್ನೆ: ನನ್ನದು ಕಸುಬಿನ ಪ್ರಶ್ನೆಯಲ್ಲ. ಮದುವೆಗೆಂದು ಪಿಂಕ್ ಅಂಡ್ ವೈಟ್ ಮಾಡಿಸಿಕೊಂಡೆ. ಅರಿಶಿನ ಶಾಸ್ತ್ರ ಮುಗಿಯುವಷ್ಟರಲ್ಲಿ ಬಿಳಿ ಎಲ್ಲ ಹಳದಿ! ಪಾರ್ಲರಿನವರು ಕಳಪೆ ಪೌಡರ್ ಹಾಕಿದರೇ?
– ಹೊಸ ಮದುಮಗಳು, ಮಂಡ್ಯ

ಉತ್ತರ: ಕ್ರಮ ತಪ್ಪಿತಮ್ಮ. ಮೊದಲು ಮೆಹಂದಿ, ಆಮೇಲೆ ಅರಿಶಿನ, ಉಗುರು ಕಟ್ಟಕಡೆಗೆ, ವರಪೂಜೆಯ ದಿನ ಮಧ್ಯಾಹ್ನ ಸಾಕು. ಈಗ ಆಗಿರುವುದಕ್ಕೆ ಅಸಿಟೋನ್ ಇರುವ ರಿಮೂವರ್ ಹಾಕಿ ಉಜ್ಜಬೇಡಿ, ಅಕ್ರಿಲಿಕ್ಕೇ ಕರಗುತ್ತದೆ. ಅರಿಶಿನದ ಕಲೆ ಬಿಸಿಲಿಗೆ ಮಾಸುತ್ತದೆ, ಸೀರೆಯ ಮೇಲಿನದು ಮಾಸುವ ಹಾಗೆಯೇ. ಎರಡು ದಿನ ಬಾಲ್ಕನಿಯಲ್ಲಿ ಕೂತು ಕಾಫಿ ಕುಡಿಯಿರಿ. ಉಳಿದದ್ದನ್ನು ಪಾರ್ಲರಿನಲ್ಲಿ ನಯವಾದ ಬಫರಿನಿಂದ ತೆಳ್ಳಗೆ ಉಜ್ಜಿಸಿ, ಹೊಸ ಟಾಪ್ ಕೋಟ್ ಹಾಕಿಸಿ. ಮನೆಯಲ್ಲಿ ಸಾರನ್ನ ಕಲಸುವವರಿಗೆ ಇದು ತಪ್ಪಿದ್ದಲ್ಲ, ಊಟವಾದ ಕೂಡಲೇ ಸೋಪಿನಿಂದ ಕೈ ತೊಳೆದುಕೊಳ್ಳಿ. ಪಾರ್ಲರಿನವರ ಹತ್ತಿರ ಜಗಳಕ್ಕೆ ಮಾತ್ರ ಹೋಗಬೇಡಿ. ಅವರ ಪೌಡರ್ ಏನೋ ಗೊತ್ತಿಲ್ಲ, ನಿಮ್ಮ ಮನೆಯ ಅರಿಶಿನ ಮಾತ್ರ ಅಸಲಿ.