ಲವಂಗದ ಸಾರ ಹಾಕಿದ್ರ ಗಾಣದ ಎಣ್ಣಿ ಕಮಟಾಗೋದು ನಿಲ್ತೈತೇನು?

ನಿಮ್ಮ ಪ್ರಶ್ನಿ ಓದಿ ನಗು ಬಂತ್ರಿ, ಯಾಕಂದ್ರ ಮೂರು ವರ್ಷದ ಹಿಂದ ನಾನೂ ಇದನ್ನ ಕಂಡಕಂಡವ್ರನ್ನ ಕೇಳ್ಕೋತ ತಿರುಗ್ಯಾಡೀನಿ. ಸಿರುಗುಪ್ಪದಾಗ ಹೊಸದಾಗಿ ಗಾಣ ಹಾಕೀರಿ, ಶೇಂಗಾ ಎಣ್ಣಿ ಕುಸುಬಿ ಎಣ್ಣಿ ತೆಗೀತೀರಿ, ಬ್ಯಾಸಗಿ ಬಂತಂದ್ರ ಎರಡು ತಿಂಗಳಿಗೇ ಕಮಟು ವಾಸ್ನಿ ಹೊಡಿತೈತಿ, ಗಿರಾಕಿ ಡಬ್ಬಿ ವಾಪಸ್ ತರಾಕ ಹತ್ಯಾರ, ಎಣ್ಣಿ ಕೆಡದಂಗ ಹಾಕೋ ಟಿಬಿಎಚ್‌ಕ್ಯೂ ಅನ್ನೋ ಕೆಮಿಕಲ್ ಹಾಕಾಕ ಮನಸಿಲ್ಲ, ಲವಂಗ ಅರಿಷಿಣ ಇಂಥಾ ಮಸಾಲಿ ಸಾರ ಹಾಕಿದ್ರ ತಡಿತೈತಾ, ವಾಪಸ್ ಬಂದ ಡಬ್ಬಿ ಏನು ಮಾಡ್ಲಿ ಅಂತ ಕೇಳೀರಿ. ತಡಿತೈತ್ರಿ, ಖರೆ. ಆದ್ರ ಸಾರ ತರೂಕಿಂತ ಮೊದ್ಲ ನಿಮ್ಮ ಡ್ರಮ್ಮಿನ ನಳ ನೋಡ್ರಿ ಒಂದ್ಸಲ, ಯಾಕಂತ ಮುಂದ ಹೇಳ್ತೀನಿ.

ನಂದು ಕುಷ್ಟಗಿ ಕಡೀಗೆ ಸಣ್ಣ ಗಾಣ. ಅದಕ್ಕೂ ಮೊದ್ಲ ನಾಕು ವರ್ಷ ರಾಯಚೂರಾಗ ಒಂದು ಎಣ್ಣಿ ಮಿಲ್ಲಿನ ಲ್ಯಾಬಿನ್ಯಾಗ ಇದ್ದೆ, ದಿನಾ ಮುಂಜಾನೆದ್ದು ಪೆರಾಕ್ಸೈಡ್ ವ್ಯಾಲ್ಯೂ ತೆಗಿಯೋದು, ಅಂದ್ರ ಎಣ್ಣಿಗೆ ಪೊಟ್ಯಾಸಿಯಂ ಅಯೊಡೈಡ್ ಹಾಕಿ, ಬಿಟ್ಟ ಅಯೊಡಿನ್ನು ಥಯೋಸಲ್ಫೇಟಿಂದ ಟೈಟ್ರೇಟ್ ಮಾಡೋದು, ಸ್ಟಾರ್ಚಿನ ನೀಲಿ ಬಣ್ಣ ಹೋತು ಅಂದ್ರ ನಿಲ್ಸೋದು. ಎಣ್ಣಿ ಎಷ್ಟು ಆಕ್ಸಿಡೈಸ್ ಆಗೇತಿ ಅಂತ ಅದ್ರಾಗ ಗೊತ್ತಾಗ್ತೈತಿ. ಕೋಡೆಕ್ಸ್ ಅಂತ ಆಹಾರದ ಅಂತರರಾಷ್ಟ್ರೀಯ ಮಾನದಂಡ ಐತಿ, ಅದ್ರ ಲೆಕ್ಕದಾಗ ಈ ವ್ಯಾಲ್ಯೂ ರಿಫೈನ್ಡ್ ಎಣ್ಣಿಗೆ 10, ನಮ್ಮಂಥಾ ತಣ್ಣಗ ಹಿಂಡಿದ ಎಣ್ಣಿಗೆ 15ರ ತನಕ ಓಕೆ.

ಈಗ ಎಣ್ಣಿ ಕಮಟ್ಯಾಕ ಆಗ್ತೈತಿ ಅಂತ ಸ್ವಲ್ಪ ತಿಳ್ಕೊಳ್ರಿ, ಇಲ್ಲಾಂದ್ರ ಸಾರ ಹಾಕಿಯೂ ರೊಕ್ಕ ಹಾಳು. ಗವಿಮಠದ ಜಾತ್ರಿಗೆ ಹೋಗೀರಲ್ಲ, ತೇರು ಎಳಿಯೋ ಮುಂದ ಗದ್ದಲದಾಗ ಒಬ್ಬಾಂವ ಜೋಲಿ ಹೊಡದ್ರ ಅವ ಮುಂದಿನವ್ನ ಮ್ಯಾಲೆ, ಅವ ಮತ್ತೊಬ್ಬನ ಮ್ಯಾಲೆ, ಹಿಂಗ ಸಾಲಿಡಿದು ತಳ್ಕೋತ ಹೋಗ್ತಾರ. ಎಣ್ಣ್ಯಾಗೂ ಇದ ಕತಿ. ಬಿಸಿಲೋ ಕಾವೋ ತಾಮ್ರ ಕಬ್ಬಿಣದ ಅಂಶವೋ ಕೊಬ್ಬಿನ ಒಂದು ಅಣುವಿನಿಂದ ಹೈಡ್ರೋಜನ್ ಕಿತ್ತಿತು ಅಂದ್ರ ಅದು ಗಾಳಿಯೊಳಗಿನ ಆಕ್ಸಿಜನ್ ಹಿಡ್ಕೊಂಡು ಬಾಜೂದ್ದನ್ನ ಕೀಳ್ತೈತಿ, ಅದು ಇನ್ನೊಂದನ್ನ. ಹಿಂಗ ಆಕ್ಸಿಜನ್ ಹಿಡ್ಕೊಂಡು ಹುಟ್ಟೋ ಪೆರಾಕ್ಸೈಡ್‌ಗೆ ವಾಸ್ನಿ ಇಲ್ಲ, ಅದು ಮುರದು ಆಲ್ಡಿಹೈಡ್ ಅನ್ನೋ ವಾಸ್ನಿ ಅಂಶ ಆದಾಗ ಮೂಗಿಗೆ ಬಡೀತೈತಿ. ಅಂದ್ರ ನಿಮಗ ವಾಸ್ನಿ ಬರೂದ್ರಾಗ ಕೆಲಸ ಮುಗದು ಭಾಳ ದಿನ ಆಗಿರ್ತೈತಿ.

ಲವಂಗದಾಗ ಇರೋ ಯೂಜಿನಾಲ್ ಅನ್ನೋ ಅಂಶ ಏನು ಮಾಡ್ತೈತಿ ಅಂದ್ರ, ಆ ಸಾಲಿನ ನಡುವ ಗಟ್ಟಿ ಪೈಲ್ವಾನ್ ನಿಂತಂಗ, ತನ್ನ ಹೈಡ್ರೋಜನ್ ತಾನ ಕೊಟ್ಟು ಜೋಲಿ ತಾನು ತಗೊಂಡು ಮುಂದಿನವ್ನ ತಳ್ಳೋದಿಲ್ಲ. ಅಲ್ಲಿಗೆ ಸರಪಳಿ ತುಂಡು. ಶುಂಠಿಯೊಳಗ ಜಿಂಜರಾಲ್, ಅರಿಷಿಣದಾಗ ಕರ್ಕ್ಯುಮಿನ್, ರೋಸ್ಮರಿ ಅಂತ ಒಂದು ವಿದೇಶಿ ಗಿಡದಾಗ ಕಾರ್ನೋಸಿಕ್ ಆಸಿಡ್, ಎಲ್ಲಾ ಒಂದ ಜಾತಿ ಕೆಲಸ. ಟಿಬಿಎಚ್‌ಕ್ಯೂ ಮಾಡೋದೂ ಇದನ್ನ, ಅದು ಸಿಂಥೆಟಿಕ್ ಅಷ್ಟ. ಆದ್ರ ಎಲ್ಲಾ ಪೈಲ್ವಾನ್ರೂ ದಣೀತಾರ್ರಿ. ಖರ್ಚಾದ ಮ್ಯಾಲೆ ಮತ್ತ ಜೋಲಿ ಸುರು. ಹಿಂಗಾಗಿ ಸಾರ ಹಾಕೋದಂದ್ರ ದಿನ ಮುಂದ ಹಾಕೋದು, ಈಗಾಗ್ಲೇ ಕಮಟಾದ ಎಣ್ಣಿ ತಿರುಗಿ ಚೊಲೋ ಆಗೋದಿಲ್ಲ.

ನಾ ಮೊದ್ಲು ಮಾಡಿದ ಶಾಣ್ಯಾತನ ಕೇಳ್ರಿ. ಲವಂಗ ಕುಟ್ಟಿ ಅರಿವ್ಯಾಗ ಕಟ್ಟಿ ಹದಿನೈದು ಕೆಜಿ ಡಬ್ಬಿಯೊಳಗ ಬಿಟ್ಟೆ. ಎಷ್ಟು ಹಾಕೀನಿ ಅಂತ ಲೆಕ್ಕ ಇಲ್ಲ, ಕೈಗೆ ಬಂದಷ್ಟು. ಹದಿನೈದು ದಿನಕ್ಕ ಆ ಎಣ್ಣಿ ಒಯ್ದ ಮಿರ್ಚಿ ಗಾಡಿಯಾಂವ ಬಂದು, ಏನಪಾ ಮಿರ್ಚಿ ತಿಂದ ಮಂದಿ ಹಲ್ಲಿನ ಡಾಕ್ಟರ್ ಕಡೆ ಕುಂತಂಗ ಆತು ಅನ್ನಾಕ ಹತ್ಯಾರ ಅಂತ ಬೈದು ಹೋದ. ಖರೇನ, ಹಲ್ಲುನೋವಿಗೆ ಹಚ್ಚೋ ಲವಂಗದ ಎಣ್ಣ್ಯಾಗ ಇರೋದೂ ಅದ ಯೂಜಿನಾಲ್. ಒಣ ಮೊಗ್ಗಿನ್ಯಾಗ ನೂರಕ್ಕ 15ರಿಂದ 20 ಪಾಲು ಆ ಎಣ್ಣಿನೇ ಇರ್ತೈತಿ, ಅದ್ರಾಗ ಮುಕ್ಕಾಲಕ್ಕಿಂತ ಹೆಚ್ಚು ಯೂಜಿನಾಲ್, ಹಂಗಾದ್ರ ಘಮ್ ಅನ್ನದ ಇರ್ತೈತೇನು.

ಆಮ್ಯಾಲೆ ಕೊಚ್ಚಿ ಕಡೆಯಿಂದ ಬರೋ ಆಹಾರಕ್ಕ ಬಳಸೋ ಲವಂಗದ ಓಲಿಯೋರೆಸಿನ್ ಸಣ್ಣ ಬಾಟ್ಲಿ ತರ್ಸಿದೆ. ಓಲಿಯೋರೆಸಿನ್ ಅಂದ್ರ ಮಸಾಲಿಯಿಂದ ಸಾಲ್ವೆಂಟ್ ಹಾಕಿ ಜಗ್ಗಿ ಸಾಲ್ವೆಂಟ್ ಹಾರಿಸಿದ ದಪ್ಪ ಸಾರ. ನಮ್ಮ ಕಡೆ ಒಣ ಮೆಣಸಿನಕಾಯಿ ಬ್ಯಾಡಗಿ ಮಾರ್ಕೆಟ್ಟಿಗೆ ಒಯ್ತೀವಲ್ರಿ, ಅದ್ರಾಗ ಬಣ್ಣ ತೆಗಿಯೋದು ಹಿಂಗ. ಇದು ಎಣ್ಣ್ಯಾಗ ಕರಗ್ತೈತಿ. ನೀರಾಗ ಕುದಿಸಿದ ಕಷಾಯ ಹಾಕಾಕ ಹೋಗಬ್ಯಾಡ್ರಿ, ನೀರು ಎಣ್ಣಿ ಕೂಡೂದಿಲ್ಲ, ಮ್ಯಾಲೆ ಆ ನೀರೇ ಎಣ್ಣಿ ಕೆಡಸ್ತೈತಿ. ಹಸಿ ಬಳ್ಳೊಳ್ಳಿ ಹಸಿ ಶುಂಠಿ ಎಣ್ಣ್ಯಾಗ ಮುಳುಗಿಸಿ ಹೊರಗಿಡೋದಂತೂ ಅಪಾಯ, ಗಾಳಿ ಇಲ್ಲದ ತ್ಯಾವದಾಗ ಬಾಟುಲಿಸಮ್ ವಿಷ ಹುಟ್ಟಬಹುದು.

ಪ್ರಮಾಣ ಹೇಳ್ತೀನಿ. ಟಿಬಿಎಚ್‌ಕ್ಯೂಗೆ ಮಿತಿ ಕೆಜಿಗೆ 200 ಮಿಲಿಗ್ರಾಂ, ನಾನೂ ಲವಂಗಕ್ಕ ಅದ ಅಳತಿ ಹಿಡದೆ, 15 ಕೆಜಿ ಡಬ್ಬಿಗೆ 3 ಗ್ರಾಂ. ಬಂಗಾರದಂಗಡಿ ತಕ್ಕಡಿಯಂಥಾ ಸಣ್ಣದು ಬೇಕು, ಚಮಚದ ಲೆಕ್ಕ ನಡ್ಯೂದಿಲ್ಲ. ಮೊದ್ಲು ಒಂದು ಲೀಟರ್ ಎಣ್ಣ್ಯಾಗ ಚೊಲೋ ಕಲಸಿ ಆಮ್ಯಾಲೆ ಡಬ್ಬಿಗೆ ಸುರಿಬೇಕು. ಮೈಗೆ ಏನಾರ ಆದೀತಾ ಅಂದ್ರ, ಯೂಜಿನಾಲ್‌ಗೆ ದಿನದ ಮಿತಿ ಮೈತೂಕದ ಕೆಜಿಗೆ 2.5 ಮಿಲಿಗ್ರಾಂ, 60 ಕೆಜಿ ಆಳಿಗೆ 150. ದಿನಕ್ಕ 30 ಗ್ರಾಂ ಈ ಎಣ್ಣಿ ತಿಂದ್ರ ಒಳಗ ಹೋಗೋದು 6 ಮಿಲಿಗ್ರಾಂ. ಹಂಗಂತ ಒಂದಕ್ಕ ಹತ್ತು ಹಾಕಬ್ಯಾಡ್ರಿ, ಜಾಸ್ತಿ ಆದ್ರ ಹಿಂಗ ಕಮಟು ತಡಿಯೋ ಅಂಶ, ಅಂದ್ರ ಆಂಟಿಆಕ್ಸಿಡೆಂಟ್, ಕೆಲವು ಉಲ್ಟಾ ಹೊಡದು ತಾವ ಎಣ್ಣಿ ಕೆಡಸ್ತಾವ.

ಅರಿಷಿಣ ನಂಗ ಸರಿ ಬರ್ಲಿಲ್ಲ. ಎಣ್ಣಿ ಹಳದಿ ಆಗ್ತೈತಿ, ಗಿರಾಕಿ ಕಲಬೆರಕಿ ಅಂತಾನ, ಬೆಳಕಿಗೆ ಕರ್ಕ್ಯುಮಿನ್ ತಾನ ಸಾಯ್ತೈತಿ. ರೋಸ್ಮರಿ ಸಾರ ವಾಸ್ನಿ ತಗದದ್ದು ಸಿಗ್ತೈತಿ, ಯುರೋಪಿನ್ಯಾಗ ಇ392 ಅಂತ ನಂಬರ್ ಕೊಟ್ಟು ಒಪ್ಯಾರ, ದೊಡ್ಡ ಕಂಪನಿಗಳು ಅದನ್ನ ಹಾಕ್ತಾವ. ಸಣ್ಣ ಗಾಣಕ್ಕ ದುಬಾರಿ ಬೀಳ್ತೈತಿ.

ಒಂದು ಬ್ಯಾಸಗಿ ಪೂರ್ತಿ ನೋಡೀನಿ. ಒಂದ ದಿನ ಹಿಂಡಿದ ಕುಸುಬಿ ಎಣ್ಣಿ, ಅರ್ಧ ಬಾಟ್ಲಿ ಸುಮ್ಮ, ಅರ್ಧ ಲವಂಗ ಹಾಕಿ, ತಗಡಿನ ಶೆಡ್ಡಿನ್ಯಾಗ ಇಟ್ಟೆ. ಲವಂಗದ್ದು ಎರಡು ಮೂರು ವಾರ ಜಾಸ್ತಿ ಬಾಳಿಕಿ ಬಂತು. ಖುಷಿ ಆತು. ಆದ್ರ ಅದ ಎಣ್ಣಿ ಏನೂ ಹಾಕದ ಸ್ಟೀಲ್ ಡಬ್ಬ್ಯಾಗ ಕಂಠಮಟ ತುಂಬಿ ನಮ್ಮವ್ವ ದೇವರ ಮನ್ಯಾಗ ಇಟ್ಟಿದ್ಲು, ಅದು ಇವೆರಡನ್ನೂ ಮೀರಿ ನಿಂತಿತ್ತು. ಸೆಖಿ ಇಲ್ಲ, ಬೆಳಕಿಲ್ಲ, ಒಳಗ ಗಾಳಿಗೆ ಜಾಗ ಇಲ್ಲ. ಹತ್ತು ಡಿಗ್ರಿ ಏರಿದ್ರ ಆಕ್ಸಿಡೇಶನ್ ಹತ್ತತ್ರ ಎರಡು ಪಟ್ಟು, ಹಂಗಂದ್ರ 25 ಡಿಗ್ರಿ ಕ್ವಾಣಿಗೂ 45 ಡಿಗ್ರಿ ತಗಡಿನ ಶೆಡ್ಡಿಗೂ ನಾಕು ಪಟ್ಟು ಫರಕ್. ನಮ್ಮ ಬಳ್ಳಾರಿ ರಾಯಚೂರು ಬಿಸಿಲು ನಿಮಗ ನಾ ಹೇಳಬೇಕಾ.

ಈಗ ನಳದ ಕತಿ. ನನ್ನ ಡ್ರಮ್ಮಿಗೆ ಹಿತ್ತಾಳಿ ನಳ ಹಾಕ್ಸಿದ್ದೆ, ಚೆಂದ ಕಾಣ್ತೈತಂತ. ಪ್ರತಿ ಸಲ ನಳದಿಂದ ಮೊದ್ಲು ಬರೋ ಎಣ್ಣಿನ ಕಮಟು, ಮ್ಯಾಲಿಂದು ಚೊಲೋ. ಲ್ಯಾಬಿನ್ಯಾಗ ನಾಕು ವರ್ಷ ದುಡದು ಇದು ತಲೀಗೆ ಹೊಳೀಲಿಲ್ಲ ನೋಡ್ರಿ, ಹಿತ್ತಾಳಿ ಅಂದ್ರ ಬಹುಪಾಲು ತಾಮ್ರ, ಎಣ್ಣಿಗೆ ತಾಮ್ರದಷ್ಟು ವೈರಿ ಇನ್ನೊಂದಿಲ್ಲ, ಚೂರು ಕರಗಿದ್ರೂ ಸಾಕು. ಸ್ಟೀಲ್ ನಳ ಹಾಕ್ಸಿದೆ, ಅರ್ಧ ಕಂಪ್ಲೇಂಟ್ ಅಲ್ಲಿಗೇ ನಿಂತ್ವು. ತುಕ್ಕು ಹಿಡಿದ ಹಳೇ ಡಬ್ಬಿದೂ ಅದ ಗೋಳು. ಮತ್ತ ಎಣ್ಣಿ ತಿಳಿ ಆಗ್ಲಿ ಅಂತ ಮೂರು ನಾಕು ದಿನ ಬಿಸಿಲಿಗಿಡೋ ರೂಢಿ ನಿಮ್ಮಲ್ಲೂ ಇದ್ರ ಬಿಟ್ಟಬಿಡ್ರಿ, ನೆರಳಿನ್ಯಾಗ ಗಸಿ ಕೂಡ್ರಸ್ರಿ, ಅರಿವ್ಯಾಗ ಸೋಸ್ರಿ. ಗಾಣಕ್ಕ ನೀರು ಚಿಮುಕಸ್ತೀವಲ್ಲ, ಅದು ಉಳದ್ರ ಕೊಬ್ಬು ಒಡದು ಆಸಿಡ್ ಆಗ್ತೈತಿ. ಈ ಕೆಡೋದು ಬ್ಯಾರೆ ನಮೂನಿ, ಇದಕ್ಕ ಯಾವ ಮಸಾಲಿ ಸಾರಾನೂ ಉಪಯೋಗ ಇಲ್ಲ. ಹಳೇ ಎಣ್ಣಿ ತಳದಾಗ ಇದ್ದಾಗ್ಲೇ ಹೊಸದು ಸುರಿಯೋದು ಅಂತೂ ಕೆಟ್ಟ ಹಾಲಿಗೆ ಹೊಸ ಹಾಲು ಸುರಿದಂಗ.

ಬೀಜದ ಮ್ಯಾಲೂ ಭಾಳ ಐತಿ. ಕುಸುಬ್ಯಾಗ ಲಿನೋಲಿಕ್ ಅನ್ನೋ ಕೊಬ್ಬಿನ ಆಸಿಡ್ 70 ಪರ್ಸೆಂಟಿಗೂ ಮ್ಯಾಲೆ, ಅದು ಒಲಿಯಿಕ್ ಅನ್ನೋ ಇನ್ನೊಂದು ಕೊಬ್ಬಿನ ಆಸಿಡ್‌ಗಿಂತ ಹತ್ತು ಪಟ್ಟಿಗೂ ಜೋರಾಗಿ ಆಕ್ಸಿಡೈಸ್ ಆಗ್ತೈತಿ, ಹಂಗಾಗಿ ನಿಮ್ಮ ಕುಸುಬಿ ಶೇಂಗಾಕ್ಕಿಂತ ಮೊದ್ಲು ಕೆಡೋದು. ಶೇಂಗಾದಾಗ ಗಿರ್ನಾರ್ 4, ಗಿರ್ನಾರ್ 5 ಅಂತ ತಳಿ ಬಂದಾವ, ಒಲಿಯಿಕ್ ಸುಮಾರು 80 ಪರ್ಸೆಂಟ್. ಆ ಬೀಜ ಬೆಳ್ಯೋ ರೈತ ಸಿಕ್ರ ಲವಂಗದ ಬಾಟ್ಲಿಗಿಂತ ಅವ್ನನ್ನ ಗಟ್ಟಿ ಹಿಡೀರಿ. ಎಳ್ಳೆಣ್ಣಿ ಬಾಳಿಕಿ ಬರೋದು ಯಾಕಂದ್ರ ಅದ್ರಾಗ ಸೆಸಮಾಲ್ ಜಾತಿ ಅಂಶ ಹುಟ್ಟಾ ಇರ್ತಾವ.

ಕರಿಯಾಕ ಒಯ್ಯೋ ಗಿರಾಕಿಗೆ ಲವಂಗದ ಎಣ್ಣಿ ಕೊಟ್ಟು ಉಪಯೋಗ ಇಲ್ಲ. ಬಾಣಲ್ಯಾಗ 180 ಡಿಗ್ರಿಗೆ ಮಿರ್ಚಿ ಬಿಟ್ಟಾಗ ಏಳೋ ಹಬೆ ಕೂಡ ಯೂಜಿನಾಲ್ ಹಾರಿ ಹೋಗ್ತೈತಿ, ಓಣಿಯೆಲ್ಲಾ ಘಮ ಘಮ, ಎಣ್ಣ್ಯಾಗ ಹೆಚ್ಚೇನೂ ಉಳ್ಯೂದಿಲ್ಲ. ಕರಿದ ಎಣ್ಣಿ ಮತ್ತಮತ್ತ ಬಳಸೋದಕ್ಕ 2018ರ ಜುಲೈಯಿಂದ ಟೋಟಲ್ ಪೋಲಾರ್ ಕಾಂಪೌಂಡ್, ಅಂದ್ರ ಕಾಸಿ ಕಾಸಿ ಎಣ್ಣಿ ಕೆಟ್ಟು ಹುಟ್ಟೋ ಅಂಶ, 25 ಪರ್ಸೆಂಟ್ ಮೀರಬಾರದು ಅಂತ ರೂಲ್ಸ್ ಐತಿ, ಸಾರ ಹಾಕೀನಿ ಅಂತ ಆ ಲೆಕ್ಕ ಬದಲಾಗೋದಿಲ್ಲ.

ನಾ ಈಗ ಮಾರೋ ಎಣ್ಣಿಗೆ ಸಾರ ಹಾಕೋದು ಬಿಟ್ಟೀನಿ. ಮನಿ ಕುಸುಬಿ ಡಬ್ಬಿಗೆ ಅಷ್ಟ ಹಾಕ್ತೀನಿ, ಅದೂ ಹಿಂಡಿದ ದಿನಾನ. ಅಂಗಡಿಗೆ ವಾರವಾರ ಸ್ವಲ್ಪ ಸ್ವಲ್ಪ ಹಿಂಡಿ ತಾರೀಖು ಬರದು ಕೊಡ್ತೀನಿ. ನೀವು ಹಾಕೇ ಮಾರ್ತೀನಿ ಅಂದ್ರ ಮೊದ್ಲು ಜಿಲ್ಲಾ ಆಹಾರ ಸುರಕ್ಷತಾ ಅಧಿಕಾರಿ ಕಡೆ ಕೇಳಿ ಲೇಬಲ್ ಮ್ಯಾಲೆ ಬರೀರಿ, ಏನೂ ಬೆರ್ಸಿಲ್ಲ ಅಂತ ಬೋರ್ಡ್ ಹಾಕಿ ಒಳಗ ಲವಂಗ ಹಾಕಬ್ಯಾಡ್ರಿ.

ವಾಪಸ್ ಬಂದ ಡಬ್ಬಿ ಕೇಳಿದ್ರಲ್ಲ, ಅದಕ್ಕ ಏನೂ ಹಾಕಬ್ಯಾಡ್ರಿ, ಹೊಸದ್ರಾಗ ಕೂಡ್ಸಲೂ ಬ್ಯಾಡ್ರಿ. ನಾ ದೀಪಕ್ಕಂತ ಕಡಿಮಿ ರೇಟಿಗೆ ಕೊಟ್ಟೆ, ಉಳದದ್ದು ಒಬ್ರು ಸಾಬೂನು ಮಾಡಾಕ ಒಯ್ದ್ರು.