ಬೇರಿಗೂ ಉಸಿರು ಬೇಕು

ಕುಂಡದಲ್ಲೋ, ಮಣ್ಣಿಲ್ಲದೆ ಪೋಷಕಾಂಶ ಕರಗಿಸಿದ ನೀರಿನಲ್ಲೋ (ಹೈಡ್ರೋಪೋನಿಕ್ಸ್) ಮನೆಯಲ್ಲೇ ಗಿಡ ಬೆಳೆಸುವವರು ಬರೆದ ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಸತ್ತ ಗಿಡಗಳವು. ನಾಚಿಕೊಂಡು ಬರೆದವರೇ ಹೆಚ್ಚು. ನಾಚಿಕೊಳ್ಳಬೇಡಿ. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಹೇಳಿದವಳು ನಾನು, ನನ್ನ ಕೈಯಲ್ಲೂ ಬೇಕಾದಷ್ಟು ಹೋಗಿವೆ.

ಪ್ರಶ್ನೆ: ನೀರು ಬಸಿಯಲಿ ಎಂದು ಕುಂಡದ ತಳಕ್ಕೆ ಎರಡು ಇಂಚು ಜಲ್ಲಿ ಹಾಕಿ ಮೇಲೆ ಮಣ್ಣು ತುಂಬಿದೆ. ದಿನಾ ತಪ್ಪದೆ ನೀರು ಹಾಕುತ್ತೇನೆ. ಆದರೂ ಮೆಣಸಿನ ಗಿಡದ ಎಲೆ ಹಳದಿಯಾಗಿ ಉದುರುತ್ತಿದೆ.

ಉತ್ತರ: ‘ದಿನಾ ತಪ್ಪದೆ’ ಅಂದಿರಲ್ಲ, ಅರ್ಧ ಕಾಯಿಲೆ ಅಲ್ಲಿದೆ. ಮಿಕ್ಕರ್ಧ ಜಲ್ಲಿಯದು. ಮಣ್ಣಿನ ಸಣ್ಣ ಸಂದುಗಳು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಮಣ್ಣಿನ ತಳ ಪೂರ್ತಿ ತೊಯ್ದು ತೊಪ್ಪೆಯಾಗುವ ತನಕ ಜಲ್ಲಿಗೆ ಹನಿ ಇಳಿಯುವುದಿಲ್ಲ. ಈ ಒದ್ದೆ ಪದರ ಎಲ್ಲ ಕುಂಡಗಳಲ್ಲೂ ಇರುತ್ತದೆ. ನೀವು ಜಲ್ಲಿ ಹಾಕಿ ಅದನ್ನು ಎರಡು ಇಂಚು ಮೇಲೆತ್ತಿ ಬೇರಿನ ಬಾಯಿಗೇ ತಂದಿಟ್ಟಿದ್ದೀರಿ.

ನಂಬಿಕೆ ಬಾರದಿದ್ದರೆ ಪಾತ್ರೆ ತೊಳೆಯುವ ಸ್ಪಂಜೊಂದನ್ನು ಚೆನ್ನಾಗಿ ನೆನೆಸಿ ಅಡ್ಡಡ್ಡ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ತಿರುಗಿಸಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಎತ್ತರ ಮಾತ್ರ ಬೇರೆ. ಮಣ್ಣಿನ ಎತ್ತರ ಹೆಚ್ಚಿದಷ್ಟೂ ನೀರು ಚೆನ್ನಾಗಿ ಬಸಿಯುತ್ತದೆ, ಜಲ್ಲಿ ಆ ಎತ್ತರವನ್ನೇ ಕದಿಯುತ್ತದೆ.

ಗಿಡವನ್ನು ಬಿಡಿಸಿ, ಜಲ್ಲಿ ತೆಗೆದು, ತೂತಿನ ಮೇಲೆ ಬಲೆಯ ತುಂಡು ಹಾಸಿ. ಬರೀ ಮಣ್ಣು ಕುಂಡದಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕಾಂಪೋಸ್ಟ್, ಒಂದಿಷ್ಟು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ದಪ್ಪ ಮರಳು ಬೆರೆಸಿ. ಬೆರಳನ್ನು ಎರಡು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಹೊಸ ಚಿಗುರು ಕಾಣುವವರೆಗೆ ಗೊಬ್ಬರದ ತಂಟೆಗೆ ಹೋಗಬೇಡಿ.

ಪ್ರಶ್ನೆ: ಪಂಪಿಲ್ಲದ ಬಕೆಟ್ಟಿನಲ್ಲಿ ಲೆಟಿಸ್ ಬೆಳೆಸಿದೆ. ನಾಲ್ಕು ವಾರ ಸೊಗಸಾಗಿತ್ತು. ನೀರು ತೀರಾ ಕೆಳಗಿಳಿದಿತ್ತೆಂದು ಪೋಷಕ ದ್ರಾವಣವನ್ನು ಕಂಠದವರೆಗೆ ತುಂಬಿದೆ. ಎರಡೇ ದಿನದಲ್ಲಿ ಗಿಡ ಬಾಡಿತು. ನೀರಿನಲ್ಲೇ ನಿಂತ ಗಿಡ ಬಾಡುವುದೆಂದರೇನು?

ಉತ್ತರ: ಮುಳುಗಿಸಿಬಿಟ್ಟಿರಿ. ಇದು ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ರೂಪಿಸಿದ ಪದ್ಧತಿ, ಅವರ ಹೆಸರಿನಿಂದಲೇ ಪ್ರಸಿದ್ಧ. ಇದರಲ್ಲಿ ನೀರು ಇಳಿಯುವುದು ದೋಷವಲ್ಲ, ಇಳಿಯಲೇಬೇಕು. ಗಿಡ ಕುಡಿದಂತೆ ಮುಚ್ಚಳಕ್ಕೂ ನೀರಿಗೂ ನಡುವೆ ತೇವದ ಗಾಳಿಯ ಜಾಗ ಬೆಳೆಯುತ್ತದೆ. ಅಲ್ಲಿ ನೇತಾಡುವ ಬೇರು ಆಮ್ಲಜನಕ ಹೀರುತ್ತದೆ, ನೀರಿನೊಳಗಿನ ತುದಿ ಊಟ ಹೀರುತ್ತದೆ. ಗಾಳಿಗೆ ಒಗ್ಗಿದ ಬೇರನ್ನು ಒಮ್ಮೆಲೇ ಮುಳುಗಿಸಿದರೆ ಉಸಿರು ಕಟ್ಟುತ್ತದೆ. ಉಸಿರಾಡದ ಬೇರಿಗೆ ನೀರು ಎಳೆಯುವ ಶಕ್ತಿಯೂ ಇರುವುದಿಲ್ಲ. ನೀರಿನ ಮಧ್ಯೆ ನಿಂತೇ ಎಲೆ ಬಾಡುವುದು ಹೀಗೆ.

ನೀರು ಸೇರಿಸಲೇಬೇಕೆಂದರೆ ಆಗಿರುವ ಮಟ್ಟಕ್ಕಿಂತ ಒಂದೆರಡು ಬೆರಳು ಸಾಕು. ಒಂದು ಲೆಟಿಸ್‌ಗೆ ಶುರುವಿನಲ್ಲೇ ಸುಮಾರು ನಾಲ್ಕು ಲೀಟರ್ ದ್ರಾವಣ ಕೊಟ್ಟರೆ ಕೊಯ್ಯುವವರೆಗೂ ಮುಚ್ಚಳ ತೆಗೆಯುವ ಪ್ರಸಂಗ ಬಾರದು. ನೆಡುವಾಗ ದ್ರಾವಣ, ಮುಚ್ಚಳದ ತೂತಿನಲ್ಲಿ ಸಸಿ ಹಿಡಿದು ಕೂರುವ ಜಾಲರಿ ಕುಂಡದ ತಳ ಮುಟ್ಟುವಷ್ಟಿರಲಿ. ಬಕೆಟ್ಟಿನೊಳಕ್ಕೆ ಬೆಳಕು ಇಣುಕಿದರೆ ಪಾಚಿ ಕಟ್ಟುತ್ತದೆ. ತೆಳು ಬಣ್ಣದ್ದಾದರೆ ಹೊರಗೆ ಮೊದಲು ಕಪ್ಪು ಬಳಿದು, ಅದರ ಮೇಲೆ ಬಿಳಿ ಬಳಿಯಿರಿ. ಬಿಳಿ ಯಾಕೆಂದರೆ ಬಿಸಿಲಿಗೆ ನೀರು ಕಾಯಬಾರದು. 20 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಅದೇ ಸೆಕೆಯಲ್ಲಿ ಬೇರಿನ ಉಸಿರಾಟ ಹೆಚ್ಚುತ್ತದೆ, ಬೇರು ಕೊಳೆಸುವ ಪಿಥಿಯಂ ಎಂಬ ಸೂಕ್ಷ್ಮಜೀವಿಗೂ ಹಬ್ಬ. ಬಿಳಿಯಾಗಿರಬೇಕಾದ ಬೇರು ಕಂದು ಬಣ್ಣಕ್ಕೆ ತಿರುಗಿ, ಲೋಳೆಲೋಳೆಯಾಗಿ ವಾಸನೆ ಬಂದರೆ ಉಳಿಸುವ ಹಟ ಬಿಡಿ. ಬಕೆಟ್ ತಿಕ್ಕಿ ತೊಳೆದು ಹೊಸ ಸಸಿ ಇಡಿ.

ಈ ಪದ್ಧತಿ ಸೊಪ್ಪಿಗೆ ಹೇಳಿ ಮಾಡಿಸಿದ್ದು. ಟೊಮೆಟೊಗೆ ಅಷ್ಟಾಗಿ ಒಪ್ಪಲಾರೆ. ಬೆಳೆದ ಟೊಮೆಟೊ ಗಿಡ ಬಿಸಿಲಿನ ದಿನ ಎರಡು ಲೀಟರ್ ಕುಡಿದು ಇನ್ನೂ ಕೇಳುತ್ತದೆ.

ಪ್ರಶ್ನೆ: ಪೈಪುಗಳಲ್ಲಿ ನೀರು ಹರಿಯುತ್ತಿರುವ ಸೆಟ್ ಕೊಳ್ಳಬೇಕೆಂದಿದ್ದೇನೆ. ಇದೇ ಮೊದಲು. ಕೊಳ್ಳಲೇ?

ಉತ್ತರ: ಈಗಲೇ ಬೇಡ. ಪೈಪಿನ ತಳದಲ್ಲಿ ತೆಳ್ಳಗೆ ಹರಿಯುವ ನೀರು ಬೇರಿಗೆ ಗಾಳಿ, ಊಟ ಎರಡನ್ನೂ ಧಾರಾಳವಾಗಿ ಕೊಡುತ್ತದೆ, ನಿಜ. ಆದರೆ ಅಲ್ಲಿ ನೀರಿನ ದಾಸ್ತಾನಿಲ್ಲ. ನನ್ನ ಮೊದಲ ಸೆಟ್ಟಿನ ಪಂಪು ಒಂದು ಬೆಳಿಗ್ಗೆ ನಾವು ಹೊರಗೆ ಹೋದ ಮೇಲೆ ಕೆಟ್ಟಿತು. ಸಂಜೆ ಬಂದು ನೋಡಿದರೆ ಇಪ್ಪತ್ತನಾಲ್ಕು ಪಾಲಕ್ ಸಸಿಗಳೂ ಒದ್ದೆ ಬಟ್ಟೆಯಂತೆ ಪೈಪಿಗೆ ಜೋತುಬಿದ್ದಿದ್ದವು. ಪಂಪನ್ನು ಬಿಚ್ಚಿದಾಗ ಸಿಕ್ಕಿದ್ದು ಬೆರಳುದ್ದದ ಬೇರಿನ ಎಳೆ. ಎರಡು ತಿಂಗಳ ಕೆಲಸ. ಮನೆಯವರು ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಪಂಪು ಬೇಕೇ ಬೇಕೆಂದರೆ ಆಳವಾದ ತೊಟ್ಟಿಯಲ್ಲಿ ದ್ರಾವಣ ತುಂಬಿ ಏರ್ ಪಂಪಿನಿಂದ ಗುಳ್ಳೆ ಬಿಡುವ ಪದ್ಧತಿ ಹಿಡಿಯಿರಿ. ಕರೆಂಟ್ ಹೋದರೂ ಬೇರು ನೀರಿನಲ್ಲಿರುತ್ತದೆ, ಕೆಲವು ಗಂಟೆ ತಡೆದುಕೊಳ್ಳುತ್ತದೆ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ. ಕೆಳಗಿಟ್ಟರೆ ಕರೆಂಟ್ ಹೋದಾಗ ನೀರು ನಳಿಗೆಯಲ್ಲಿ ಹಿಂದಕ್ಕೆ ಬಂದು ಪಂಪಿನೊಳಗೆ ಸೇರುತ್ತದೆ.

ಪ್ರಶ್ನೆ: ರಾಸಾಯನಿಕ ಬೇಡವೆಂದು ಎರೆಗೊಬ್ಬರದ ತಿಳಿಯನ್ನೇ ಹೈಡ್ರೋಪೋನಿಕ್ ಬಕೆಟ್ಟಿಗೆ ಸುರಿದೆ. ವಾರದಲ್ಲಿ ಗಬ್ಬು ನಾತ.

ಉತ್ತರ: ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಸಾವಯವ ಸಾರಜನಕವನ್ನು ಒಡೆದು ಗಿಡ ಹೀರುವ ನೈಟ್ರೇಟ್ ಮಾಡಿಕೊಡುತ್ತವೆ. ನಿಂತ ನೀರಿನಲ್ಲಿ ಅದೇ ಕೊಳೆಯುವಿಕೆ ಆಮ್ಲಜನಕವನ್ನೆಲ್ಲ ನುಂಗಿಹಾಕುತ್ತದೆ. ನಾತ ಅದರದು. ಸಾವಯವವೇ ಬೇಕೆಂಬ ನಿಮ್ಮ ಆಸೆ ದೊಡ್ಡದು, ಆದರೆ ಅದಕ್ಕೆ ತಕ್ಕ ಜಾಗ ಕುಂಡ. ಆ ತಿಳಿಯನ್ನು ನೀರು ಬೆರೆಸಿ ಕುಂಡಗಳಿಗೆ ಹಾಕಿ.

ಪ್ರಶ್ನೆ: ಎ ಮತ್ತು ಬಿ ಎಂದು ಎರಡು ಬಾಟಲಿ ಪೋಷಕ ತಂದೆ. ಒಂದೇ ಬಾಟಲಿಗೆ ಸುರಿದಿಟ್ಟರೆ ತಳದಲ್ಲಿ ಬಿಳಿ ಗಷ್ಟು ನಿಂತಿದೆ. ಅಲ್ಲಾಡಿಸಿ ಬಳಸಬಹುದೇ?

ಉತ್ತರ: ಬಳಸಬೇಡಿ. ಒಂದರ ಕ್ಯಾಲ್ಸಿಯಂ ಇನ್ನೊಂದರ ಸಲ್ಫೇಟ್, ಫಾಸ್ಫೇಟ್ ಜೊತೆ ಕೂಡಿ ಕರಗದ ಲವಣವಾಗಿದೆ. ಸಲ್ಫೇಟಿನದಂತೂ ಅಪ್ಪಟ ಜಿಪ್ಸಂ. ಅಲ್ಲಾಡಿಸಿದರೆ ಕಲಕುತ್ತದೆ, ಕರಗುವುದಿಲ್ಲ. ಬಕೆಟ್ ನೀರಿಗೆ ಮೊದಲು ಎ ಹಾಕಿ ಕಲಕಿ, ಆಮೇಲೆ ಬಿ. ತೆಳುವಾಗಿದ್ದಾಗ ಎರಡೂ ಜಗಳವಾಡುವುದಿಲ್ಲ. ಪಾಠ ಹೇಳಿದ ನಾನೇ ಒಮ್ಮೆ ಅವಸರದಲ್ಲಿ ಇದೇ ತಪ್ಪು ಮಾಡಿದ್ದೇನೆ. ಹಳೆಯ ವಿದ್ಯಾರ್ಥಿಗಳು ಇದನ್ನು ಓದದಿರಲಿ.

ಅಂದಹಾಗೆ, ದ್ರಾವಣದ ಪಿಎಚ್ (ಹುಳಿ-ಕ್ಷಾರದ ಅಳತೆ) 5.5ರಿಂದ 6.5ರೊಳಗಿರಲಿ. ಮೇಲೇರಿದರೆ ಕಬ್ಬಿಣ ಇದ್ದೂ ಸಿಗದು. ಹೊಸ ಎಲೆ ಹಳದಿ, ನರ ಮಾತ್ರ ಹಸಿರು.

ಪ್ರಶ್ನೆ: ಕುಂಡದ ಟೊಮೆಟೊ ಕಾಯಿಗಳ ತಳ ಕಪ್ಪಾಗಿ ಚಪ್ಪಟೆಯಾಗುತ್ತಿದೆ. ಕ್ಯಾಲ್ಸಿಯಂ ಕೊರತೆಯೆಂದು ಮೊಟ್ಟೆ ಚಿಪ್ಪಿನ ಪುಡಿ ಹಾಕಿದೆ, ಗುಣವಿಲ್ಲ.

ಉತ್ತರ: ಕೊರತೆ ಕಾಯಿಯಲ್ಲಿದೆ, ಮಣ್ಣಿನಲ್ಲಿ ಇರಬೇಕೆಂದಿಲ್ಲ. ಕ್ಯಾಲ್ಸಿಯಂ ನೀರಿನ ಜೊತೆಗೇ ಪ್ರಯಾಣ ಮಾಡುವುದು. ಒಂದು ದಿನ ಒಣಗಿಸಿ ಮರುದಿನ ತೋಯಿಸಿದರೆ ಕಾಯಿಯ ತುದಿಗೆ ಅದು ತಲುಪುವುದಿಲ್ಲ. ಚಿಪ್ಪಿನ ಪುಡಿ ಕರಗಲು ತಿಂಗಳುಗಳೇ ಬೇಕು, ಈ ಬೆಳೆಗೆ ಅದು ಸಿಕ್ಕೀತೆಂದು ಕಾಯಬೇಡಿ. ನಿಮ್ಮ ಕುಂಡ ಎಂಟು ಲೀಟರಿನದು ಎಂದಿದ್ದೀರಿ. ಟೊಮೆಟೊಗೆ ಹದಿನೈದಿಪ್ಪತ್ತು ಲೀಟರ್ ಬೇಕು. ಈ ಬೆಳೆ ಮುಗಿಯುವವರೆಗೆ ಮಣ್ಣಿನ ಮೇಲೆ ಒಣ ಎಲೆ ಹೊದಿಸಿ, ಬಿಸಿಲಿದ್ದರೆ ಬೆಳಿಗ್ಗೆ ಸಂಜೆ ಎರಡು ಸಲ ಹದವಾಗಿ ನೀರು ಕೊಡಿ. ಕೆಟ್ಟ ಕಾಯಿ ಕಿತ್ತು ಬಿಸಾಡಿ, ಮುಂದಿನ ಗೊಂಚಲು ಸರಿಹೋದೀತು.

ಪ್ರಶ್ನೆ: ದಿನಕ್ಕೆ ಮೂರೇ ಗಂಟೆ ಬಿಸಿಲು. ಬದನೆ ಬರುತ್ತದೆಯೇ?

ಉತ್ತರ: ಗಿಡ ಬರುತ್ತದೆ, ಬದನೆ ಬರುವುದಿಲ್ಲ. ಪಾಲಕ್ ಹಾಕಿ.

ಪ್ರಶ್ನೆ: ನೀರಿನಲ್ಲಿ ಬೆಳೆದರೆ ಮಣ್ಣಿಗಿಂತ ಎಷ್ಟೋ ಪಟ್ಟು ಇಳುವರಿಯಂತೆ, ನಿಜವೇ?

ಉತ್ತರ: ಇದು ಹಳೆಯ ಆಸೆ. ‘ಹೈಡ್ರೋಪೋನಿಕ್ಸ್’ ಎಂಬ ಹೆಸರನ್ನು 1937ರಲ್ಲಿ ಬಳಕೆಗೆ ತಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕಿ ನೀರಿನಲ್ಲಿ ಆಳೆತ್ತರ ಮೀರಿದ ಟೊಮೆಟೊ ಬೆಳೆಸಿ ತೋರಿಸಿದಾಗ ಜನ ಮರುಳಾಗಿದ್ದರು. ಅದೇ ವಿಶ್ವವಿದ್ಯಾಲಯದ ಹೋಗ್ಲಂಡ್ ಮತ್ತು ಆರ್ನನ್ 1938ರಲ್ಲಿ ಅಳೆದು ನೋಡಿ, ಒಳ್ಳೆಯ ಮಣ್ಣಿನ ಇಳುವರಿಗಿಂತ ಇದು ಹೆಚ್ಚೇನಲ್ಲ ಎಂದರು. ಇಂದಿಗೂ ಲೋಕದಲ್ಲೆಲ್ಲ ಬಳಸುವ ಪೋಷಕ ದ್ರಾವಣಗಳಲ್ಲೊಂದಕ್ಕೆ ಹೋಗ್ಲಂಡರ ಹೆಸರೇ ಇದೆ, ಹಾಗಾಗಿ ಅವರಿಗೆ ನೀರಿನ ಮೇಲೆ ದ್ವೇಷವಿತ್ತು ಎನ್ನುವಂತಿಲ್ಲ. ನಿಮ್ಮ ಹತ್ತಿರ ಒಳ್ಳೆಯ ಮಣ್ಣು, ಅದನ್ನು ಹೊರಬಲ್ಲ ತಾರಸಿ ಎರಡೂ ಇದ್ದರೆ ಕುಂಡಕ್ಕೇ ನನ್ನ ಓಟು.